ಗಿರಣಿ ಕಾಕುವಿನ ಫಲಕ

ಒದ್ದೆ ಸೀಮೆಸುಣ್ಣಕ್ಕೆ ತನ್ನದೇ ಒಂದು ವಾಸನೆ ಇದೆ. ಮಣ್ಣಿನದ್ದೂ ಅಲ್ಲ, ಗೋಡೆಗೆ ಬಳಿಯುವ ಸುಣ್ಣದ್ದೂ ಅಲ್ಲ, ಎರಡರ ನಡುವೆ ಎಲ್ಲೋ... ಮೊನ್ನೆ ಗಡಹಿಂಗ್ಲಜದ ಪೇಟೆಯಲ್ಲಿ ಬೆಲ್ಲ ಕೊಳ್ಳಲು ನಿಂತಿದ್ದೆ. ಅಂಗಡಿಯವನು ಬಾಗಿಲ ಪಕ್ಕದ ಕರಿ ಹಲಗೆಯನ್ನು ಒದ್ದೆ ಅರಿವೆಯಿಂದ ಒರೆಸುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬೆಲ್ಲ ಮರೆತೆ. ಕೊಲ್ಹಾಪುರದ ನಮ್ಮ ಗಲ್ಲಿಯ ಮೂಲೆ, ಆ ಮೂಲೆಯ ವಾರ್ತಾಫಲಕ, ಅದರ ಮುಂದೆ ಅರಿವೆ ಹಿಡಿದು ನಿಂತ ಗಿರಣಿ ಕಾಕು ಕಣ್ಣೆದುರು ಬಂದರು.

ಕೊಲ್ಹಾಪುರದಲ್ಲಿ ಪೇಪರು ಓದುವುದಕ್ಕಿಂತ ಮೊದಲು ಫಲಕ ಓದುವ ರೂಢಿ. ಒಂದೊಂದು ಪೇಠೆಗೆ ಒಂದೊಂದು ತಾಲೀಮು, ಅಂದರೆ ಗರಡಿಮನೆ, ಒಂದೊಂದು ತಾಲೀಮಿಗೆ ಒಂದೊಂದು ಕರಿ ಫಲಕ. ಯಾರು ತೀರಿಕೊಂಡರು, ಯಾರ ಮನೆಯಲ್ಲಿ ಹಳದಿ-ಕುಂಕುಮ, ನಾಳೆ ನಲ್ಲಿ ಬರುತ್ತದೋ ಇಲ್ಲವೋ, ಫುಟ್‌ಬಾಲಿನಲ್ಲಿ ನಮ್ಮ ಹುಡುಗರು ಪಕ್ಕದ ಪೇಠೆಯವರನ್ನು ಹೇಗೆ ಮಣ್ಣು ಮುಕ್ಕಿಸಿದರು, ಮಳೆಗಾಲದಲ್ಲಿ ಪಂಚಗಂಗೆಯ ನೀರು ಎಲ್ಲಿಯವರೆಗೆ ಏರಿದೆ, ಎಲ್ಲವೂ ಅದರ ಮೇಲೆ. ನಾನು ಬೆಳಗಾವಿ ಕಡೆಯಿಂದ ಸೊಸೆಯಾಗಿ ಬಂದವಳು. ಫಲಕದ ಎದುರಿನ ಮಾಳಿಗೆ ಮನೆ ನಮ್ಮದು. ಹಲ್ಲುಜ್ಜುತ್ತಾ ಕಿಟಕಿಯಲ್ಲಿ ನಿಂತರೆ ಇಡೀ ಗಲ್ಲಿಯ ವರ್ತಮಾನ ತಿಳಿಯುತ್ತಿತ್ತು. ನನ್ನ ಅತ್ತೆಗೆ ಇದು ಸೊಸೆಯ ಸೋಮಾರಿತನವಾಗಿ ಕಾಣುತ್ತಿತ್ತು, ಅದು ಬೇರೆ ಮಾತು.

ನಾನು ಬಂದ ಹೊಸತರಲ್ಲಿ ಫಲಕ ಬರೆಯುತ್ತಿದ್ದವರು ತಾಲೀಮಿನ ಗಂಡಸರು. ಕಾಕು ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ; ಗಲ್ಲಿಗೆಲ್ಲ ಕಾಕುವಾದ ಇವರು ಫಲಕದ ಪಕ್ಕದಲ್ಲೇ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಹುಬ್ಬಿನಿಂದ ಹಿಡಿದು ಕಾಲ್ಬೆರಳಿನವರೆಗೆ ಜೋಳದ ಹಿಟ್ಟು. ಗಂಡ ಬೇಗ ತೀರಿಕೊಂಡಿದ್ದರು, ಒಬ್ಬಳೇ ಮಗಳನ್ನು ಕುರುಂದವಾಡಕ್ಕೆ ಕೊಟ್ಟಿದ್ದರು. ಹುಟ್ಟೂರು ಚಂದಗಡದ ಹತ್ತಿರದ ಹಳ್ಳಿ. ಗಿರಾಕಿಗಳ ಜೊತೆ ಮರಾಠಿ, ನನ್ನ ಜೊತೆ ಕನ್ನಡ, ಗಿರಣಿಯ ಪಟ್ಟಾ ಹರಿದಾಗ ಎರಡರಲ್ಲೂ ಬೈಗುಳ.

ಅವರ ಕೈಗೆ ಖಡು, ಅಂದರೆ ಸೀಮೆಸುಣ್ಣ, ಬಂದದ್ದು ಒಂದು ಎಡವಟ್ಟಿನಿಂದ. ನಮ್ಮ ಗಲ್ಲಿಯಲ್ಲಿ ಒಬ್ಬರು ಲಿಂಗಾಯತ ವ್ಯಾಪಾರಿ ತೀರಿಕೊಂಡರು. ಅವರ ಪದ್ಧತಿಯಂತೆ ಸಂಜೆಯೇ ಮಣ್ಣು ಮಾಡಿದರು. ಆದರೆ ಫಲಕ ಬರೆದ ಮಹಾಶಯ, ಯಾರು ಸತ್ತರೂ ಬರೆಯುವ ಸಾಲನ್ನೇ ಕೈ ತಿರುಗಿದಂತೆ ಬರೆದುಬಿಟ್ಟಿದ್ದ. ರಕ್ಷಾವಿಸರ್ಜನ, ನಾಳೆ ಬೆಳಿಗ್ಗೆ. ಅಂದರೆ ಸುಟ್ಟ ಮರುದಿನ ಬೂದಿಯನ್ನು ಹೊಳೆಗೆ ಬಿಡುವ ಶಾಸ್ತ್ರ. ಮರುದಿನ ಅರ್ಧ ಪೇಠೆ ಬಿಳಿ ಟೋಪಿ ಹಾಕಿಕೊಂಡು ಪಂಚಗಂಗೆಯ ದಂಡೆಗೆ ಹೋಗಿ, ಹೂಳಿದ ಮನುಷ್ಯನ ಬೂದಿ ಹುಡುಕುತ್ತಾ ನಿಂತಿತ್ತು! ಬೇರೆ ಯಾರದೋ ಚಿತೆಯ ಮುಂದೆ ಕೈ ಮುಗಿದು ಬಂದವರೂ ಇದ್ದರು. ಇತ್ತ ವ್ಯಾಪಾರಿಯ ಮಕ್ಕಳು ಗೋರಿಯ ಹತ್ತಿರ ಹಾಲು-ತುಪ್ಪ ಹಿಡಿದು ಯಾರೂ ಬರಲಿಲ್ಲವೆಂದು ಕಾದದ್ದೇ ಕಾದದ್ದು.

ಗಲ್ಲಿ ಬಿದ್ದು ಬಿದ್ದು ನಕ್ಕಿತು. ಕಾಕು ನಗಲಿಲ್ಲ. ಗಿರಣಿ ಬಂದ್ ಮಾಡಿ, ಸೀದಾ ತಾಲೀಮಿಗೆ ಹೋಗಿ, ಖಡುವಿನ ಡಬ್ಬಿ ಎತ್ತಿಕೊಂಡು ಬಂದರು.

"ನಾಳಿಂದ ನಾ ಬರೀತೇನಿ. ಸುದ್ದಿ ಅಂದ್ರ ಚ್ಯಾಷ್ಟಿ ಅಂತ ತಿಳದೀರೇನು?"

ಗಂಡಸರು ಏನೋ ಗೊಣಗಿದರು. ಕಾಕುವಿನ ಗಿರಣಿಯಲ್ಲೇ ಅವರ ಮನೆಯ ಹಿಟ್ಟೂ ಬೀಸಬೇಕಿತ್ತು, ಹಾಗಾಗಿ ಗೊಣಗಾಟ ಬಹಳ ದಿನ ನಡೆಯಲಿಲ್ಲ.

ಅಂದಿನಿಂದ ಫಲಕದ ಚಂದವೇ ಬದಲಾಯಿತು. ಮೇಲೆ ಮರಾಠಿಯಲ್ಲಿ ದಪ್ಪ ಅಕ್ಷರ, ಕೆಳಗೆ ನಮ್ಮಂಥ ನಾಲ್ಕು ಮನೆಯವರಿಗಾಗಿ ಕನ್ನಡದಲ್ಲಿ ಸಣ್ಣ ಅಕ್ಷರ. ಗಣಪತಿ ಹಬ್ಬ ಬಂದರೆ ಬಣ್ಣದ ಖಡುವಿನಲ್ಲಿ ದಾಸವಾಳ. ನಾಟಕ, ಭಜನೆ, ಕುಸ್ತಿ ಎಲ್ಲಕ್ಕೂ ಜಾಗ. ಸಾವಿನ ಸುದ್ದಿಗೆ ಮಾತ್ರ ಅವರದೊಂದು ಕಟ್ಟುನಿಟ್ಟು. ಕೇಳಿದ ಮಾತನ್ನು ಬರೆಯುತ್ತಿರಲಿಲ್ಲ. ಆ ಮನೆಯ ಬಾಗಿಲಿಗೆ ತಾವೇ ಹೋಗಿ, ಅಳುವವರ ನಡುವೆ ಯಾರಾದರೂ ಒಬ್ಬರನ್ನು ಪಕ್ಕಕ್ಕೆ ಕರೆದು, "ಎಷ್ಟೊತ್ತಿಗೆ ಒಯ್ತೀರಿ?" ಎಂದು ಕೇಳಿಕೊಂಡು ಬಂದೇ ಬರೆಯುವುದು. ಹೆಸರು ಸಣ್ಣದಾದರೂ ಹೊತ್ತು ದೊಡ್ಡದಾಗಿರುತ್ತಿತ್ತು. ಕೆಳಗೆ ಒಂದು ಗೆರೆ ಬೇರೆ.

"ಹೊತ್ತ ಬರೀಲಿಲ್ಲಂದ್ರ ಅದು ಸುದ್ದಿ ಅಲ್ಲ ವಹಿನಿ," ಎನ್ನುತ್ತಿದ್ದರು; ಗಲ್ಲಿಗೆಲ್ಲ ನಾನು ವಹಿನಿ, ಅಂದರೆ ಅತ್ತಿಗೆ. "ಬರೂ ಮಂದಿಗೆ ಮಾರಿ ನೋಡಾಕ ಸಿಗಬೇಕಲ್ಲ?"

ಈ ಹಟದ ಬೇರು ಎಲ್ಲಿದೆಯೆಂದು ನನಗೆ ತಿಳಿದದ್ದು ಒಂದು ಮಳೆಗಾಲದ ಮಧ್ಯಾಹ್ನ. ಕರೆಂಟು ಹೋಗಿ ಗಿರಣಿ ನಿಂತಿತ್ತು. ನನ್ನ ಜೋಳದ ಡಬ್ಬಿ ಅರ್ಧ ಬೀಸಿ ಅರ್ಧ ಉಳಿದಿತ್ತು. ಹೊರಗೆ ಮಳೆ. ಕಾಕು ಚೀಲದ ಮೇಲೆ ಕೂತು ಹೇಳತೊಡಗಿದರು.

"ಅವ್ವ ಹೋದ ಸುದ್ದಿ ನನಗ ಎಸ್‌ಟಿ ಬಸ್ಸಿನ ಕಂಡಕ್ಟರನ ಬಾಯಿಲೆ ಬಂತು. ಹೋಗ್ಯಾಳ ಅಂತ ಅಷ್ಟ. ಎಷ್ಟೊತ್ತಿಗೆ ಮಣ್ಣ ಮಾಡತಾರ ಅಂತ ತಮ್ಮ ಹೇಳಿ ಕಳಿಸಿರಲಿಲ್ಲ. ನಮ್ಮ ಕಡೆ ಮಳಿ ಅಂದ್ರ ನಿಮಗ ಗೊತ್ತಿಲ್ಲ. ಹಳ್ಳ ತುಂಬಿ ಬಸ್ ನಿಂತು... ನಾ ಹೋಗಿ ಮುಟ್ಟೂದ್ರಾಗ ಹಸಿ ಮಣ್ಣಷ್ಟ ಇತ್ತು. ‘ಅವ್ವನ್ನ ಎಷ್ಟೊತ್ತಂತ ಕೂಡಿಸಿಕೊಂಡ ಇರೂದು ಅಕ್ಕಾ, ಹಿರ್ಯಾರು ಗಡಿಬಿಡಿ ಮಾಡಿದ್ರು’ ಅಂದ ತಮ್ಮ. ಇನ್ನ ನಿನ್ನ ಹೊಸ್ತಿಲಾ ತುಳಿಯೂದಿಲ್ಲ ಅಂತ ಹೇಳಿ ಹೊಳ್ಳಿ ಬಂದೆ."

ಆ ತಮ್ಮ ಮುಂದೆ ಇಚಲಕರಂಜಿಗೆ ಬಂದು ಮಗ್ಗದ ಕೆಲಸಕ್ಕೆ ಸೇರಿದ್ದ. ಕೊಲ್ಹಾಪುರದಿಂದ ಒಂದು ಗಂಟೆಯ ದಾರಿ. ಇವರು ಅತ್ತ ಹೋಗಲಿಲ್ಲ, ಅವನು ಇತ್ತ ಬರಲಿಲ್ಲ. ಕರೆಂಟು ಬಂತು, ಗಿರಣಿ ಗುಡುಗಿತು, ಮಾತು ಅಲ್ಲಿಗೇ ನಿಂತಿತು. ಪಟ್ಟಾದ ಸದ್ದಿನಲ್ಲಿ ಅವರು ಇನ್ನೂ ಏನೋ ಅಂದರು, ನನಗೆ ಕೇಳಿಸಲಿಲ್ಲ.

ಹಲವು ವರ್ಷಗಳ ಮೇಲೆ ಗಿರಣಿಗೆ ಹೊಸ ಪಟ್ಟಾ ಕೊಳ್ಳಲು ಕಾಕು ಇಚಲಕರಂಜಿಗೆ ಹೊರಟರು. ಅಲ್ಲಿ ಸೋವಿಯಲ್ಲಿ ಹಾಸಿಗೆಯ ಹೊದಿಕೆ ಸಿಗುತ್ತವೆಂದು ನಾನೂ ಜೊತೆಗೂಡಿದೆ. ಓಣಿ ಓಣಿಯಲ್ಲೂ ಮಗ್ಗಗಳ ಖಟಖಟ. ಕಾಕುವಿಗೆ ಒಂದು ಚಟವಿತ್ತು. ಯಾವ ಊರಿಗೆ ಹೋದರೂ ಅಲ್ಲಿಯ ಫಲಕಗಳನ್ನು ನಿಂತು ಓದುವುದು, ಬರೆದವನಿಗೆ ಮಾರ್ಕು ಕೊಡುವುದು. "ಎಷ್ಟ ಸೊಟ್ಟ-ವಾಕಡಾ ಬರದಾನ ನೋಡ್ರಿ, ಕುಡದ ಬರದಾನೋ ಏನೋ," ಎನ್ನುತ್ತಾ ನಡೆದಿದ್ದರು. ನಾನು ನಗುತ್ತಾ ಹಿಂದೆ ಇದ್ದೆ.

ಒಂದು ಮೂಲೆಯಲ್ಲಿ ಅವರು ನಿಂತುಬಿಟ್ಟರು. ಅಲ್ಲಿಯ ಫಲಕದ ಮೇಲಿನ ಅರ್ಧವನ್ನು ಒರೆಸಿ ನೀರಿನ ಸುದ್ದಿ ಬರೆದಿದ್ದರು. ಕೆಳಗಿನ ಅರ್ಧದಲ್ಲಿ ಹಳೆಯ ನಿಧನವಾರ್ತೆ ಹಾಗೆಯೇ ಉಳಿದಿತ್ತು. ಒಂದು ಹೆಸರು, ಅದರ ಮುಂದೆ ಚಂದಗಡ ತಾಲೂಕಿನ ಹಳ್ಳಿಯ ಹೆಸರು. ಅವರ ಹಳ್ಳಿ, ಅವರ ತಮ್ಮನ ಹೆಸರು.

ನಾನು ಅವರ ಕೈ ಹಿಡಿದುಕೊಂಡೆ. ಅವರು ಅಳಲಿಲ್ಲ. ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

"ಹೊತ್ತ ಬರದಾರ ವಹಿನಿ," ಅಂದರು. "ಬರೋಬರಿ ಬರದಾರ."

ಹೊತ್ತು ಕಳೆದು ಎಷ್ಟೋ ದಿನವಾಗಿತ್ತು. ಊರವರ ಸಾವನ್ನೆಲ್ಲ ಊರಿಗೆ ಮುಟ್ಟಿಸಿದ ಹೆಂಗಸು, ತನ್ನ ಒಡಹುಟ್ಟಿದವನ ಸಾವನ್ನು ಪರ ಊರಿನ ಮೂಲೆಯಲ್ಲಿ, ಅರ್ಧ ಒರೆಸಿದ ಹಲಗೆಯ ಮೇಲೆ ಓದಬೇಕಾಯಿತು.

ಕೇಳುತ್ತಾ ಕೇಳುತ್ತಾ ಮನೆ ಹುಡುಕಿದೆವು. ಹೊಸ್ತಿಲ ಮುಂದೆ ಕಾಕು ಚಪ್ಪಲಿ ಬಿಟ್ಟು ನಿಂತರು. ತುಳಿಯುವುದಿಲ್ಲ ಎಂದ ಹೊಸ್ತಿಲು ಹಳ್ಳಿಯದು, ಇದು ಬೇರೆ ಎಂದು ನಾನು ಹೇಳಬೇಕೆಂದುಕೊಂಡೆ, ಹೇಳುವ ಮೊದಲೇ ಅವರು ಒಳಗೆ ಹೋದರು. ತಮ್ಮನ ಹೆಂಡತಿ ಅವರನ್ನು ಕಂಡು ಗಾಬರಿಯಾಗಿ ಎದ್ದು ನಿಂತಳು.

"ನನಗ್ಯಾಕ ಹೇಳಿ ಕಳಸಲಿಲ್ಲ ಯವ್ವಾ?" ಕಾಕು ಕೇಳಿದ್ದು ಇಷ್ಟೇ.

"ನಿಮಗ ಗೊತ್ತ ಇರತೈತಿ ಅಂದಕೊಂಡ್ವಿರಿ ಅಕ್ಕಾರ. ಎಲ್ಲಾರ ಸುದ್ದಿನೂ ನಿಮ್ಮ ಕಡೆ ಇರತಾವಲ್ಲ... ಗೊತ್ತಿದ್ದೂ ಬರಲಿಲ್ಲ, ಇನ್ನೂ ಸಿಟ್ಟ ಹೋಗಿಲ್ಲ ಅಂತ ತಿಳದ್ವಿ." ಆಮೇಲೆ ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು: "ಮಗ್ಗದ ಸೂಟಿ ಇದ್ದಾಗ ಕೊಲ್ಹಾಪುರಕ್ಕ ಬರತಿದ್ರು. ನಿಮ್ಮ ಫಲಕಾ ಓದಿ, ಎದುರಿನ ಗಾಡ್ಯಾಗ ಚಹಾ ಕುಡದು ಬರತಿದ್ರು. ಅಕ್ಷರ ನೆಟ್ಟಗ ಅದಾವು, ಅಕ್ಕ ಆರಾಮ ಅದಾಳ ಅಂತ ಬಂದ ಹೇಳತಿದ್ರು."

"ಒಳಗ ಯಾಕ ಬರಲಿಲ್ಲ ಅಂವಾ?"

"ನೀವ ಕರೀಲಿ ಅಂತ ಇತ್ತರಿ ಅವರಿಗೆ."

ಸಿಕ್ಕಿದ ಬಸ್ಸು ಹತ್ತಿ ಕೊಲ್ಹಾಪುರಕ್ಕೆ ಮರಳಿದೆವು. ಪಟ್ಟಾ ಕೊಂಡಿರಲಿಲ್ಲ, ನಾನು ಹೊದಿಕೆ ಕೊಂಡಿರಲಿಲ್ಲ. ಗಲ್ಲಿಗೆ ಬಂದವರೇ ಕಾಕು, ಫಲಕದ ಎದುರು ಗಾಡಿ ಹಚ್ಚುತ್ತಿದ್ದ ನಿಪ್ಪಾಣಿ ಕಡೆಯ ಚಹಾದವನ ಮುಂದೆ ನಿಂತರು. ಹೌದು, ಅಂಥವರೊಬ್ಬರು ಬರುತ್ತಿದ್ದರು ಎಂದ ಆತ. ಮೈಮೇಲೆ ಹತ್ತಿಯ ಎಳೆ ಅಂಟಿರುತ್ತಿದ್ದವು, ಗಿರಣಿಯ ಕಡೆ ಬೆನ್ನು ಮಾಡಿ ಚಹಾ ಕುಡಿಯುತ್ತಿದ್ದರು. ಮಾತಾಡಿದ್ದು ಕಡಿಮೆ.

"ನಾ ಯಾರೋ ಗಿರಾಕಿ ಅಂದಕೊಂಡಿದ್ದೆ ಕಾಕು," ಅಂದ ಪಾಪ.

ಕಾಕು ಮರುದಿನವೂ ಫಲಕ ಬರೆದರು. ಅಕ್ಷರ ನೆಟ್ಟಗೇ ಇದ್ದವು. ಒಂದೇ ಒಂದು ಬದಲಾವಣೆ ನನ್ನ ಕಿಟಕಿಯಿಂದ ಕಾಣುತ್ತಿತ್ತು. ಬರೆದು ಮುಗಿಸಿ, ಕೈ ಕೊಡವಿಕೊಂಡು, ತಿರುಗಿ ಚಹಾದ ಗಾಡಿಯ ಕಡೆ ಸ್ವಲ್ಪ ಹೊತ್ತು ನೋಡುತ್ತಿದ್ದರು. ಅಲ್ಲಿ ರಿಕ್ಷಾದವರು ಇರುತ್ತಿದ್ದರು, ಕಾಲೇಜಿನ ಹುಡುಗರು ಇರುತ್ತಿದ್ದರು... ನೋಡಿ, ಗಿರಣಿ ಚಾಲೂ ಮಾಡುತ್ತಿದ್ದರು.

ಆಮೇಲೆ ಎಲ್ಲ ಕಡೆ ಆದದ್ದು ನಮ್ಮ ಗಲ್ಲಿಯಲ್ಲೂ ಆಯಿತು. ಎಲ್ಲರ ಕೈಗೆ ಮೊಬೈಲು ಬಂತು. ಕಾಕುವಿನ ಮೊಣಕಾಲು ಹಿಡಿದುಕೊಂಡವು. ಸ್ಟೂಲು ಹತ್ತಬೇಡಿ ಎಂದು ತಾಲೀಮಿನವರು ಕಾಳಜಿಯಿಂದಲೇ ಹೇಳಿದರು. "ಕಾಕು, ಆತಾ ಗ್ರೂಪ್ ಆಹೇ ಕೀ," ಎಂದರು, ಈಗ ಮೊಬೈಲಿನಲ್ಲಿ ಗಲ್ಲಿಯ ಗ್ರೂಪೇ ಇದೆಯಲ್ಲ, ಇನ್ನು ಫಲಕ ಯಾಕೆ ಎನ್ನುವ ಹಾಗೆ. ಫಲಕಕ್ಕೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸು ಕಟ್ಟಿದರು. ಆ ಹುಟ್ಟುಹಬ್ಬ ಮುಗಿದ ಮೇಲೆ ಇನ್ನೊಬ್ಬರದು. ಕಪ್ಪು ಹಲಗೆ ಮತ್ತೆ ಬೆಳಕು ಕಾಣಲಿಲ್ಲ. ಅಷ್ಟರಲ್ಲಿ ನಾವೂ ಮನೆ ಬಿಟ್ಟು ಗಡಹಿಂಗ್ಲಜಕ್ಕೆ ಬಂದೆವು. ಗ್ರೂಪಿನಲ್ಲಿ ಮಾತ್ರ ನಾನು ಉಳಿದೆ.

ಹೋದ ವರ್ಷ ಒಂದು ಮುಂಜಾನೆ ಆ ಗ್ರೂಪಿನಲ್ಲೇ ಕಾಕುವಿನ ಫೋಟೋ ಬಂತು. ಸುತ್ತ ಗುಲಾಬಿ ಹೂ, ಮಿಣುಕುವ ದೀಪ, ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ. ಅದರ ಕೆಳಗೆ ಕೈ ಮುಗಿದ ಚಿತ್ರಗಳ ಸಾಲು. ನಾನು ಬೆರಳಿನಿಂದ ಮೇಲೆ ಕೆಳಗೆ ತಳ್ಳಿ ತಳ್ಳಿ ಹುಡುಕಿದೆ. ಹೊತ್ತು ಎಲ್ಲೂ ಇರಲಿಲ್ಲ. ಇಬ್ಬರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮಗಳು ಕುರುಂದವಾಡದಿಂದ ಬರಬೇಕು, ಸಂಜೆಗೇ ಒಯ್ಯುತ್ತಾರೆ ಎಂದುಕೊಂಡು, ಮನೆಯವರಿಗೆ ಊಟಕ್ಕಿಟ್ಟು ಎಸ್‌ಟಿ ಹತ್ತಿದೆ.

ಗಲ್ಲಿ ಮುಟ್ಟಿದಾಗ ಗಿರಣಿಯ ಮುಂದೆ ನೀರು ಹಾಕಿ ತೊಳೆದಿದ್ದರು. ಜನ ಹೋಗಿ ಬಂದು ಸ್ನಾನವನ್ನೂ ಮುಗಿಸಿದ್ದರು. ಚಹಾದವನು ನನ್ನನ್ನು ಕಂಡು ಗಾಡಿ ಬಿಟ್ಟು ಬಂದ.

"ಮಧ್ಯಾಹ್ನಕ್ಕ ಮುಗೀತಲ್ಲರಿ ವಹಿನಿ. ಮಗಳು ರಾತ್ರೀನ ಬಂದಿದ್ರು. ನಿಮಗ ಗೊತ್ತ ಇರತೈತಿ ಅಂದಕೊಂಡ್ವಿ, ನೀವ ಗ್ರೂಪಿನ್ಯಾಗ ಇದ್ದೀರಲ್ಲ..."

ನಾನು ಕಾಕುವಿನ ಮುಖ ನೋಡಲಿಲ್ಲ. ಅವರು ಅವ್ವನ ಮುಖ ನೋಡಲಿಲ್ಲ, ತಮ್ಮನ ಮುಖ ನೋಡಲಿಲ್ಲ, ಜೀವಮಾನವಿಡೀ ಬೇರೆಯವರಿಗೆ ಹೀಗಾಗಬಾರದೆಂದು ಹೊತ್ತು ಬರೆದರು. ಅವರದನ್ನು ಬರೆಯಲು ಯಾರೂ ಇರಲಿಲ್ಲ. ಫಲಕದ ಮುಂದೆ ನಿಂತೆ. ಫ್ಲೆಕ್ಸಿನೊಳಗಿಂದ ಯಾರೋ ಕಪ್ಪು ಕನ್ನಡಕದ ಯುವಕ ನನಗೆ ಕೈ ಮುಗಿಯುತ್ತಿದ್ದ. ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತೆ.

"ಅಕ್ಕಾರ, ಬೆಲ್ಲ ಎಷ್ಟ ಕೊಡ್ಲಿ?"

ಗಡಹಿಂಗ್ಲಜದ ಅಂಗಡಿಯವನು ಎರಡನೇ ಸಲ ಕೇಳುತ್ತಿದ್ದನೆಂದು ಕಾಣುತ್ತದೆ. ಅವನ ಹಲಗೆ ಆರಿತ್ತು. ಅದರ ಮೇಲೆ ಹೊಸದಾಗಿ ಒಂದೇ ಸಾಲು ಬರೆದಿದ್ದ. ನಾಳೆ ಅಂಗಡಿ ಬಂದ್, ಸಂಜೆ ತೆರೆಯುತ್ತದೆ.

"ಸಂಜೀಕ ಎಷ್ಟೊತ್ತಿಗೆ?" ಎಂದೆ.

"ದಿನಾ ತಗಿಯೂ ಹೊತ್ತಿಗೇ ರೀ. ಎಲ್ಲಾರಿಗೂ ಗೊತ್ತ ಐತಲ್ಲ," ಎಂದು ನಕ್ಕ.

"ಗೊತ್ತಿದ್ರೂ ಬರೀರಿ," ಎಂದೆ. ನನ್ನ ದನಿ ಏರಿತ್ತೇನೋ, ಅವನು ತಕ್ಕಡಿ ಕೆಳಗಿಟ್ಟು ನನ್ನನ್ನೇ ನೋಡಿದ. ಆಮೇಲೆ ಏನೂ ಕೇಳದೆ ಸೀಮೆಸುಣ್ಣ ಹುಡುಕಿ ತೆಗೆದ. ಅವನು ಹೊತ್ತು ಬರೆಯುವವರೆಗೆ ನಾನು ಅಲ್ಲೇ ನಿಂತಿದ್ದೆ.