ತೂಗುವ ಕಲ್ಲಿನ ಮೇಲಿನ ಬಲ

ಅರುವತ್ತರ ದಶಕದಲ್ಲಿ ನಾನು ಮೈಸೂರು ಕಡೆಯಿಂದ ಘಟ್ಟ ಇಳಿದು, ಪುತ್ತೂರಿನ ಹತ್ತಿರದ ಒಂದು ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಬಂದೆ. ಕೆಲಸ ತಾತ್ಕಾಲಿಕ. ಇನ್‌ಸ್ಪೆಕ್ಟರು ಪಾಠ ನೋಡಿ ಒಪ್ಪಿದರೆ ಖಾಯಂ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ನನ್ನ ಚಿಂತೆ ಬೇರೆಯೇ ಇತ್ತು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಸೋದರಮಾವನ ಮನೆಯಲ್ಲಿ, ಅತ್ತೆಯ ಮುಖ ನೋಡಿಕೊಂಡು, ಎರಡನೆಯ ಸಲ ಅನ್ನ ಬಡಿಸಿಕೊಳ್ಳಲೂ ಹೆದರುತ್ತ ಇದ್ದಳು. ಕೆಲಸ ಖಾಯಮಾದ ದಿನವೇ ಅವಳನ್ನು ಕರೆಸಿಕೊಳ್ಳಬೇಕೆಂದು ಹಟ ತೊಟ್ಟಿದ್ದೆ.

ಭಾಷೆಯ ವಿಷಯದಲ್ಲಿ ನನಗೆ ಕೊಂಚ ಜಂಬ. ಮಕ್ಕಳು ತರಗತಿಯಲ್ಲಿ ತುಳು ಮಾತಾಡಿದರೆ ಗದರಿಸುತ್ತಿದ್ದೆ. ಬಂದು ಎರಡು ತಿಂಗಳಾದರೂ ಆ ಭಾಷೆಯಲ್ಲಿ ನನಗೆ ಗೊತ್ತಿದ್ದದ್ದು ಊಟಕ್ಕೆ ಕೂತಾಗ ಬೇಕಾಗುವ ‘ಬೋಡ್ಚಿ’ ಒಂದೇ. ಅಂದರೆ ಬೇಡ.

ಇನ್‌ಸ್ಪೆಕ್ಟರು ಬಂದ ದಿನದ ಪಾಠ, ತೂಗುಬಿಟ್ಟ ವಸ್ತುವಿನ ಮೇಲಿನ ಬಲ. ತರಗತಿಯ ತೊಲೆಗೆ ಬಾವಿಯ ರಾಟೆ ಕಟ್ಟಿಸಿ, ಹಗ್ಗದ ಒಂದು ತುದಿಗೆ ಸ್ಪ್ರಿಂಗ್ ತಕ್ಕಡಿ, ಅದರ ಕೊಕ್ಕೆಗೆ ಐದು ಕಿಲೋದ ಕಲ್ಲು ನೇತುಹಾಕಿದ್ದೆ. ಇನ್ನೊಂದು ತುದಿ ಕಿಟಕಿಯ ಸರಳಿಗೆ. ಕಲ್ಲು ಸುಮ್ಮನೆ ತೂಗುವಾಗ ಮುಳ್ಳು ಐದರಲ್ಲಿ. ಭೂಮಿ ಕೆಳಗೆ ಎಳೆಯುವುದೂ ಹಗ್ಗ ಮೇಲೆ ಎಳೆಯುವುದೂ ಸಮ, ಉಳಿಕೆ ಸೊನ್ನೆ. ಅಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ನಡೆಯಿತು.

“ಈ ಕಲ್ಲು ಮೇಲಕ್ಕೆ ಹೋಗಲು ಏನು ಬೇಕು?” ಎಂದು ಕೇಳಿದೆ. ಹಿಂದಿನ ಬೆಂಚಿನಲ್ಲಿ ಇನ್‌ಸ್ಪೆಕ್ಟರು ಬರೆದುಕೊಳ್ಳುತ್ತಿದ್ದರು. ಉತ್ತರಕ್ಕೆ ಕಾಯಲಾರದೆ ಒಬ್ಬ ಹುಡುಗಿಯತ್ತ ಕೈಮಾಡಿ ಉತ್ತರವನ್ನು ನಾನೇ ಹೇಳಿಬಿಟ್ಟೆ, “ಬಲ!”

ಹುಡುಗಿ ಎದ್ದು ನೆಟ್ಟಗೆ ನನ್ನ ಕಡೆ ನಡೆದಳು.

“ಬಲ, ಬಲ!” ಎಂದು ಇನ್ನೂ ಜೋರಾಗಿ ಹೇಳಿದೆ. ಇನ್ನೂ ಹತ್ತಿರ ಬಂದಳು. ತರಗತಿಯೆಲ್ಲ ಕಿಸಕ್ಕನೆ ನಕ್ಕಿತು. ನನ್ನ ಕತೆ ಮುಗಿಯಿತು ಎಂದುಕೊಂಡೆ. ಸಿಟ್ಟು ನೆತ್ತಿಗೇರಿತ್ತು, ಕಣ್ಣೆದುರು ಮಾವನ ಮನೆಯ ಅಡುಗೆಮನೆ.

ಬಂದವಳಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಕಲ್ಲು ಮೇಲೆ ಹೋಗಬೇಕಲ್ಲ ಎಂದು ಕಿಟಕಿಯಿಂದ ಹಗ್ಗ ಬಿಚ್ಚಿ ಎಳೆದೇಬಿಟ್ಟಳು. ಮುಳ್ಳು ಆರಕ್ಕೆ ಹಾರಿ ಮತ್ತೆ ಐದಕ್ಕೆ ಬಂತು. ಇನ್‌ಸ್ಪೆಕ್ಟರು ಎದ್ದು ಬಂದರು. “ಎಂತ ಆಯ್ತು ಮಗಾ?”

“ಸುರುವಿಗೆ ಎಳೆಯುವಾಗ ಜಾಸ್ತಿ ಭಾರ ಸರ್. ಮತ್ತೆ ಒಂದೇ ಸಮ ಬರುವಾಗ ಮೊದಲಿನಷ್ಟೇ. ಬಾವಿಯಲ್ಲಿ ನೀರು ಸೇದುವಾಗ ಹಾಗೆಯೇ ಉಂಟಲ್ಲ?”

ನನಗೆ ಹೋದ ಜೀವ ಬಂತು. ಬೋರ್ಡಿನ ಮೇಲೆ ಬರೆದೆ. ಮೇಲಕ್ಕೆ ಆರು, ಕೆಳಕ್ಕೆ ಐದು, ನಿವ್ವಳ ಬಲ ಒಂದು ಕಿಲೋ ಭಾರದಷ್ಟು, ಮೇಲಕ್ಕೆ. ಅದು ಕಲ್ಲಿನ ಭಾರದ ಐದನೇ ಒಂದು ಪಾಲು. ಹಾಗಾಗಿ ವೇಗೋತ್ಕರ್ಷವೂ ಕೈಬಿಟ್ಟ ಕಲ್ಲಿನದರ ಐದನೇ ಒಂದು ಪಾಲು, ಅಂದರೆ ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಮೀಟರಿನಷ್ಟು ಏರುತ್ತದೆ. ಒಂದೇ ವೇಗದಲ್ಲಿ ಏರುವಾಗ ನಿವ್ವಳ ಬಲ, ವೇಗೋತ್ಕರ್ಷ ಎರಡೂ ಸೊನ್ನೆ. ಹುಡುಗಿ ತಲೆಯಾಡಿಸಿದಳು, ಇದರಲ್ಲೇನು ವಿಶೇಷ ಎಂಬಂತೆ.

ಪಾಠ ಮುಗಿದ ಮೇಲೆ ಜಗಲಿಯಲ್ಲಿ ಇನ್‌ಸ್ಪೆಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಲ್ಲ ಮಾರಾಯ್ರೆ, ತುಳುವಿನಲ್ಲಿ ‘ಬಲ’ ಅಂದ್ರೆ ‘ಬಾ’. ನೀವು ಕೈಮಾಡಿ ಬಾ ಬಾ ಅಂತ ಕರೆದ್ರೆ ಅವಳು ಬಾರದೆ ಎಂತ ಮಾಡುದು? ಇರ್ಲಿ, ಖಾಯಂ ಮಾಡ್ಲಿಕ್ಕೆ ಬರೀತೇನೆ. ಸ್ವಲ್ಪ ತುಳು ಕಲೀರಿ.”

ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ನಗುತ್ತ ನಗುತ್ತ ಅತ್ತುಬಿಟ್ಟೆ. ಸಂಜೆ ಅಂಚೆ ಕಚೇರಿಯ ಮೆಟ್ಟಿಲ ಮೇಲೆಯೇ ಕೂತು ಅಮ್ಮನಿಗೆ ಕಾರ್ಡು ಬರೆದೆ. “ಕೆಲಸ ಖಾಯಂ ಆಗುತ್ತದೆ. ಟ್ರಂಕು ತುಂಬಿಕೊಂಡು ಹೊರಡು. ಮಾವನನ್ನು ಕೇಳಬೇಡ, ಹೇಳಿದರೆ ಸಾಕು.”