ಬಾಗಿಲಲ್ಲಿ ನುಗ್ಗದ ಹಂಡೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೊಲ್ಲಮೊಗ್ರಿನ ದುಗ್ಗಮ್ಮ ಅಂಗಳದಲ್ಲಿ ಹುಳಿ, ಬೂದಿ ಹಾಕಿ ತಾಮ್ರದ ಹಂಡೆ ತಿಕ್ಕುತ್ತಿದ್ದಾರೆ. ಅರ್ಧ ದೇಹ ಹಂಡೆಯೊಳಗೇ ಇದೆ, ಅವರ ಕತೆ ಕೇಳಲು ಬಂದ ನನಗೆ ಮಾತೂ ಒಳಗಿಂದಲೇ ಬರುತ್ತದೆ. ನಾಳೆ ಅಚ್ಚುತ ಗೌಡರ ದೊಡ್ಡಮನೆಯಲ್ಲಿ ಮದುವೆ. ಅವರ ಹಳೇ ಹಂಡೆ ತೂತಾಗಿದೆಯಂತೆ. ಆ ಮನೆಯವರು ಹೆಂಗಸರ ಸಂಘದ ಈ ಹಂಡೆಗೆ ಬಾಡಿಗೆ ಕೊಡುತ್ತಾರೋ, ಸುಮ್ಮನೆ ಹೊತ್ತುಕೊಂಡು ಹೋಗುತ್ತಾರೋ ಎನ್ನುವುದೇ ಇವತ್ತಿನ ಪ್ರಶ್ನೆ.

ಸಂಘ ಅಂದರೆ ಹದಿನಾಲ್ಕು ಮಂದಿ. 1979ರಿಂದ ಈ ಏಳು ವರ್ಷ, ದಿನಾ ಅನ್ನಕ್ಕೆ ಅಕ್ಕಿ ತೊಳೆಯುವ ಮೊದಲು ಒಂದು ಮುಷ್ಟಿ ಬೇರೆ ಕುಡಿಕೆಗೆ. ಭಾನುವಾರ ಎಲ್ಲರದ್ದೂ ಒಟ್ಟು ಸೇರಿ ಹೈದರ್ ಬ್ಯಾರಿಯವರ ಅಂಗಡಿಗೆ ಮಾರಾಟ. “ಗಂಡಸರಿಗೆ ಗೊತ್ತೇ ಆಗ್ಲಿಲ್ಲ ಮಾರಾಯ್ರೆ. ಅನ್ನ ಕಡಿಮೆ ಆದದ್ದು ನಮ್ಮ ಬಟ್ಟಲಲ್ಲಿ ಅಲ್ವಾ?” ಎನ್ನುತ್ತಾರೆ ದುಗ್ಗಮ್ಮ.

ಆ ಅಕ್ಕಿಯ ಹಣದಲ್ಲಿ ಮೊದಲು ಕೊಂಡದ್ದೇ ಈ ಹಂಡೆ. ಪುತ್ತೂರಿನಿಂದ ಬಸ್ಸಿನ ಮೇಲೆ ಮೆರವಣಿಗೆಯಲ್ಲಿ ಬಂತು, ದುಗ್ಗಮ್ಮನ ಮನೆ ಬಾಗಿಲಲ್ಲಿ ಮಾತ್ರ ನುಗ್ಗಲಿಲ್ಲ. ಊರೆಲ್ಲ ಬಿದ್ದು ಬಿದ್ದು ನಕ್ಕಿತು. “ಎಷ್ಟು ಸೇರು ಅಕ್ಕಿ ಬೇಯ್ತದೆ ಅಂತ ಹತ್ತು ಸಲ ಕೇಳಿದ್ದೇವೆ. ಬಾಗಿಲು ಅಳೆಯುದು ಒಬ್ಬಳಿಗೂ ನೆನಪಾಗ್ಲಿಲ್ಲ!” ಕಳೆದ ವರ್ಷ ಅದು ಇಪ್ಪತ್ತಾರು ಮದುವೆಗೆ ಹೋಗಿ ಬಂದಿದೆ. ಆ ಬಾಡಿಗೆ ಹಣದಿಂದ ಸಂಘದ ಸಾಲ ಪಡೆದು ಮೂವರು ದನ ಕಟ್ಟಿದ್ದಾರೆ, ಸಂಘದ ದೇವಮ್ಮ ಹೊಲಿಗೆ ಮೆಷಿನ್ ತಂದಿದ್ದಾರೆ.

ಮುಂಚೆ ಹಂಡೆ ಬೇಕಾದರೆ ದೊಡ್ಡಮನೆಯ ಅಂಗಳದಲ್ಲಿ ಕೈಕಟ್ಟಿ ನಿಲ್ಲಬೇಕಿತ್ತು. ಬಾಡಿಗೆ ಇಲ್ಲ, ಮೂರು ದಿನ ಬಿಟ್ಟಿ ಕೆಲಸ. ಹತ್ತು ವರ್ಷದ ಹಿಂದೆ, ಮಗಳ ಮದುವೆಯ ಮರುದಿನವೇ ದುಗ್ಗಮ್ಮ ಅಲ್ಲಿ ಸೆಗಣಿ ಹೊತ್ತರು. ಕೇಳಿ ನನಗಂತೂ ಮೈ ಉರಿಯಿತು.

ನಿನ್ನೆ ಸಂಜೆ ದೊಡ್ಡಮನೆಯ ಆಳು ಬಂದು, “ಹಂಡೆ ಕಳಿಸ್ಬೇಕಂತೆ” ಎಂದಷ್ಟೇ ಹೇಳಿ ಹೋಗಿದ್ದಾನೆ. ಹಂಡೆಯ ಪಕ್ಕ ನಿಂತ ದೇವಮ್ಮನಿಗೆ ಹೆದರಿಕೆ. “ಅವರತ್ರ ಬಾಡಿಗೆ ಕೇಳುದಾ ಅಕ್ಕ? ನಾಳೆ ಅವರ ತೋಟದ ದಾರಿಯಲ್ಲೇ ನಾವು ನಡೀಬೇಕಲ್ಲ?”

“ನಡಿಯುವ. ಕಾಲು ನಮ್ಮದೇ ಉಂಟಲ್ಲ,” ಎನ್ನುತ್ತಾರೆ ದುಗ್ಗಮ್ಮ.

ಏಳು ಗಂಟೆಗೆ ಅಚ್ಚುತ ಗೌಡರೇ ಬರುತ್ತಾರೆ. ಬೇಲಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತಾರೆ.

“ಬಾಡಿಗೆ ಎಷ್ಟು ದುಗ್ಗಮ್ಮ?”

“ಎಲ್ಲರಿಗೂ ಇಪ್ಪತ್ತೈದು ಗೌಡ್ರೆ. ಮೊದಲೇ ಕೊಡ್ಬೇಕು. ತೊಳೆದು ವಾಪಸ್ ತರ್ಬೇಕು.”

ಗೌಡರು ಕಿಸೆಗೆ ಕೈ ಹಾಕಿ, ಎಣಿಸಿ, ದುಗ್ಗಮ್ಮನ ಒದ್ದೆ ಕೈಗೇ ಕೊಡುತ್ತಾರೆ. ಅಬ್ಬಾ! ನನಗೇ ಚಪ್ಪಾಳೆ ತಟ್ಟುವ ಹಾಗಾಯಿತು.

ಹಂಡೆ ಗಾಡಿ ಹತ್ತಿ ಹೋದ ಮೇಲೆ ನಾನು ಕೀಟಲೆಗೆ ಕೇಳಿದೆ: “ಮೂರು ದಿನ ಬಿಟ್ಟಿ ಕೆಲಸ ಮಾಡಿ ಅಂತ ನೀವೂ ಹೇಳಬಹುದಿತ್ತಲ್ಲ?”

ದುಗ್ಗಮ್ಮ ನಗಲಿಲ್ಲ.

“ಛೆ, ಎಂತ ಮಾತು! ಅದು ಹೇಗಿರ್ತದೆ ಅಂತ ನಮಗೆ ಗೊತ್ತುಂಟು. ಯಾರಿಂದಲೂ ಮಾಡಿಸ್ಲಿಕ್ಕಿಲ್ಲ.”