ಕಿವಿ ಮುಟ್ಟದ ಕೈ

ನಿನ್ನೆ ಬೆಳಿಗ್ಗೆ ನಮ್ಮೂರಿನ ಶಾಲೆಯಲ್ಲಿ ಮೇಷ್ಟ್ರು ನನ್ನ ಮೊಮ್ಮಗ ಚಂದ್ರುವಿನ ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಮುಟ್ಟುತ್ತದೆಯೇ ಎಂದು ನೋಡಿದರು. ಮುಟ್ಟಿದರೆ ಶಾಲೆಗೆ ಸೇರುವ ವಯಸ್ಸಾಯಿತು ಎಂದು ಲೆಕ್ಕ. ಮುಟ್ಟಿತೋ ಇಲ್ಲವೋ ಆಮೇಲೆ ಹೇಳುತ್ತೇನೆ, ಸ್ವಲ್ಪ ತಾಳಿ. ನನಗೆ ಮಾತ್ರ ನಗು ತಡೆಯಲಾಗಲಿಲ್ಲ. ಆ ಕೈಗೆ ಈ ಪರೀಕ್ಷೆ ಎರಡನೇ ಸಲ. ಮೊದಲನೆಯದು ನಡೆದದ್ದು ಬೊಂಬಾಯಿ ವಿಮಾನ ನಿಲ್ದಾಣದಲ್ಲಿ, ಅವನಿಗಿನ್ನೂ ಒಂದು ಹಲ್ಲೂ ಬಂದಿರಲಿಲ್ಲ.

ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ದೊಡ್ಡಬಳ್ಳಾಪುರದ ಮಗ್ಗದ ಸದ್ದಿನಲ್ಲೇ ಹುಟ್ಟಿ, ಮಗ್ಗದ ಮನೆಗೇ ಸೊಸೆಯಾಗಿ ಬಂದವಳು. ನಮ್ಮ ಅಳಿಯ ಕೀನ್ಯಾ ದೇಶದ ಬಟ್ಟೆ ಗಿರಣಿಯಲ್ಲಿ ಮೆಕ್ಯಾನಿಕ್ ಆಗಿದ್ದ. ಮಗಳು ಸರೋಜಳ ಬಾಣಂತನಕ್ಕೆ ನಾನು ಹೋಗಲೇಬೇಕಾಯಿತು. ಹೊರಡುವ ಮುಂಚೆ ಹಳದಿ ಜ್ವರದ ಸೂಜಿ ಚುಚ್ಚಿ ಒಂದು ಹಳದಿ ಪುಸ್ತಕ ಕೊಟ್ಟರು. ಆ ದೇಶದಿಂದ ವಾಪಸ್ಸು ಬರುವಾಗ ಅದಿಲ್ಲದಿದ್ದರೆ ಆರು ದಿನ ಆಸ್ಪತ್ರೆಯಲ್ಲಿ ಕೂಡಿಹಾಕುತ್ತಾರಂತೆ. ಎಳೆಗೂಸುಗಳಿಗೆ ಮಾತ್ರ ವಿನಾಯಿತಿ, ಅದೂ ಆರು ತಿಂಗಳು ತುಂಬುವವರೆಗೆ. ಈ ಕೊನೆಯ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದೆ ಎಂದು ಸರೋಜ ಈಗಲೂ ವಾದಿಸುತ್ತಾಳೆ, ಇರಲಿ.

ಅಲ್ಲೂ ರಾಗಿ ಬೆಳೆಯುತ್ತಾರೆ, ಗೊತ್ತೇ? ನನ್ನ ಅರ್ಧ ಭಯ ಅದರಿಂದಲೇ ಹೋಯಿತು. ಮಗುವಿಗೆಂದು ಒಂದು ಡಬ್ಬಿ ರಾಗಿ ಹಿಟ್ಟು ಮಾಡಿಕೊಂಡು, ಹರಳೆಣ್ಣೆ ಸೀಸೆಯನ್ನೂ ಚೀಲಕ್ಕೆ ಹಾಕಿ, ಮಗಳು ಮೊಮ್ಮಗನೊಂದಿಗೆ ವಿಮಾನ ಹತ್ತಿದೆ. ಅಳಿಯನಿಗೆ ಅಲ್ಲಿ ಇನ್ನೂ ನಾಲ್ಕು ತಿಂಗಳ ಕೆಲಸವಿತ್ತು. ಇತ್ತ ನಮ್ಮ ಯಜಮಾನರು ಮೊಮ್ಮಗನ ಮುಖವನ್ನೇ ಕಂಡಿರಲಿಲ್ಲ. ಅವನನ್ನು ಸುತ್ತಿಕೊಳ್ಳಲು ತಾವೇ ಒಂದು ಪುಟ್ಟ ರೇಷ್ಮೆ ವಸ್ತ್ರ ನೇಯ್ದುಕೊಂಡು, ರೈಲಿನಲ್ಲಿ ಬೊಂಬಾಯಿಗೆ ಬಂದು, ಹೊರಗೆ ಬೆಳಗಿನಿಂದ ಕಾಯುತ್ತಿದ್ದರು.

ಇಳಿದ ಕೂಡಲೇ ಆರೋಗ್ಯದವರ ಮೇಜು. ನಮ್ಮಿಬ್ಬರ ಹಳದಿ ಪುಸ್ತಕ ಸರಿಯಿತ್ತು. ಸರೋಜಳ ಪಾಸ್‌ಪೋರ್ಟಿನಲ್ಲಿ ಮಗುವಿನ ಹೆಸರನ್ನೂ ಸೇರಿಸಿ ಹುಟ್ಟಿದ ದಿನ ಬರೆದಿದ್ದ ಜಾಗ ಮಾತ್ರ ಎಣ್ಣೆ ಕುಡಿದು ಕಲಸಿಹೋಗಿತ್ತು. ನನ್ನ ಹರಳೆಣ್ಣೆ ಸೀಸೆಯ ಕೃಪೆ. ಅಧಿಕಾರಿ ಹಿಂದಿಯಲ್ಲಿ ಮಗುವಿಗೆಷ್ಟು ಎಂದು ಕೇಳಿದರು. ಸರೋಜ, "ಸಾಡೇ ಪಾಂಚ್" ಎಂದಳು.

ಪಾಂಚ್ ಎಂದರೆ ಐದು ಎಂದು ನನಗೂ ಗೊತ್ತು; ಸಾಡೇ ಎಂದರೆ ಅದರ ಮೇಲೆ ಅರ್ಧ ಎಂದು ತಿಳಿದದ್ದು ಆಮೇಲೆ. ಇಷ್ಟು ದುಂಡಗಿರುವ ಮಗುವಿಗೆ ಬರೀ ಐದೇ? ಸರಿಯಾದ ಲೆಕ್ಕದಲ್ಲಿ ಐದು ತಿಂಗಳು ಇಪ್ಪತ್ತು ದಿನ. ನಡೆಯುತ್ತಿರುವ ತಿಂಗಳನ್ನೂ ಸೇರಿಸುವ ನಮ್ಮ ಬೀದಿಯ ಲೆಕ್ಕದಲ್ಲಿ ಆರು. ಅಜ್ಜಿಯ ಲೆಕ್ಕದಲ್ಲಿ ಏಳು. ನಾನು ಏಳು ಬೆರಳು ಎತ್ತಿದೆ.

"ಅಮ್ಮಾ! ಬಾಯ್ಮುಚ್ಕೊಂಡಿರೇ!"

"ನಾನೆಲ್ಲಿ ಬಾಯ್ ಬಿಟ್ಟೆ? ಬೆರಳು ತೋರಿಸ್ದೆ. ನೋಡಿ ಸಾಮಿ, ಕೂತ್ಕೋತಾನೆ, ರಾಗಿ ಸರಿ ಮಾಡ್ಕೊಟ್ರೆ ಬಟ್ಟಲು ನೆಕ್ತಾನೆ!"

ಅಧಿಕಾರಿ ಕನ್ನಡ ಕೇಳಿ ತಲೆಯೆತ್ತಿದರು. ಬೆಳಗಾವಿ ಕಡೆಯವರು. "ಏಳ ಆಗಿದ್ರ ಕೂಸನ್ನ ಆರ ದಿನ ಇಲ್ಲೇ ಇಟ್ಕೋಬೇಕಾಗ್ತದ್ರಿ ಯವ್ವಾ. ತಾಯಿ ಕೂಡ ಇರಲಿ. ನೀವ್ ಹೋಗ್ರಿ."

ಹೊರಗೆ ವಸ್ತ್ರ ಹಿಡಿದು ನಿಂತವರ ಮುಂದೆ ಬರಿಗೈಲಿ ಹೋಗಿ ಏನು ಹೇಳಲಿ? "ನನ್ನ ಜಂಬಕ್ಕೆ ಮೊಮ್ಮಗನನ್ನು ಒಳಗೇ ಬಿಟ್ಟು ಬಂದೆ" ಅನ್ನಲೇ?

"ಇಲ್ಲ ಸಾಮಿ, ಇದು ಇನ್ನೂ ಹಸುಗೂಸು!" ಎಂದೆ. ಆ ಕ್ಷಣವೇ ಆ ಕಳ್ಳ, ಹಿಂದೆಂದೂ ಇಲ್ಲದ್ದು, ಮೇಜಿನ ಮೇಲೆ ಯಾರ ಆಸರೆಯೂ ಇಲ್ಲದೆ ನೆಟ್ಟಗೆ ಕೂತು ಅವರ ಪೆನ್ನು ಕಿತ್ತುಕೊಂಡ. ಅವನ ಬಲಗೈಯನ್ನು ನೆತ್ತಿಯ ಮೇಲೆ ಎಳೆದೆ. "ನೋಡಿ ಬೇಕಾದ್ರೆ, ಕಿವೀನೇ ಮುಟ್ಟಲ್ಲ!"

ಅವರು ಕುರ್ಚಿಗೆ ಒರಗಿ ನಕ್ಕರು. "ಅದು ಸಾಲಿಗೆ ಹಾಕೂ ಮುಂದ ನೋಡೂದ್ರಿ ಯವ್ವಾ! ಹುಟ್ಟಿದ ಕಾಗದ ಏನರ ಐತೇನು?"

ಕಾಗದ! ನಮ್ಮ ಮನೆಯಲ್ಲಿ ಮುಖ್ಯವಾದ ಕಾಗದಗಳಿಗೆಲ್ಲ ಹಿಟ್ಟಿನ ಡಬ್ಬಿಯೇ ಬೀರು. ಯಾವ ಕಳ್ಳ ರಾಗಿ ಹಿಟ್ಟಿಗೆ ಕೈ ಹಾಕುತ್ತಾನೆ? ಮೊಣಕೈವರೆಗೆ ಕೈ ಇಳಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ ಕಾಗದವನ್ನು ಎಳೆದು ಕೊಟ್ಟೆ. ಹಿಟ್ಟು ಮೋಡದಂತೆ ಎದ್ದಿತು. ಅದೇನು ಪುಡಿಯೆಂದು ಬಗ್ಗಿ ನೋಡಿದ ಕಸ್ಟಮ್ಸಿನವನೊಬ್ಬ ಸೀನುತ್ತಾ ಹೋದ.

ಅಧಿಕಾರಿ ದಿನ ಎಣಿಸಿ ಠಪ್ಪೆಂದು ಮುದ್ರೆ ಒತ್ತಿದರು. ಆರು ತಿಂಗಳಿಗೆ ಹತ್ತು ದಿನ ಕಮ್ಮಿ ಇದ್ದದ್ದರಿಂದ ಬಚಾವು. "ಈ ಕೈ ಕಿವಿ ಮುಟ್ಟಿದ ದಿವಸ ನೀವ್ ಹೇಳೂ ವಯಸ್ಸ ನಂಬ್ತೀನ್ರಿ. ಅಲ್ಲೀತನಕ ಅವ್ರ ತಾಯಿನ್ನ ಕೇಳ್ತೀನಿ."

ಹೊರಗೆ ಯಜಮಾನರು ಮೊಮ್ಮಗನನ್ನು ವಸ್ತ್ರದಲ್ಲಿ ಸುತ್ತಿ ಎತ್ತಿಕೊಂಡರು. ಆಮೇಲೆ, "ಎಷ್ಟು ತಿಂಗಳಾಯ್ತೇ ಈಗ?" ಎಂದರು.

"ನಿಮ್ಮ ಮಗಳನ್ನ ಕೇಳಿ" ಎಂದೆ.

ನಿನ್ನೆ ಮೇಷ್ಟ್ರು, "ವಯಸ್ಸೆಷ್ಟಮ್ಮಾ ಹುಡುಗನಿಗೆ?" ಎಂದಾಗಲೂ ಬೆರಳು ಏಳದಂತೆ ಎರಡು ಕೈಯನ್ನೂ ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದೆ. ಸರೋಜಳೇ ಹೇಳಿದಳು. ಆಮೇಲೆ ಆ ಕೈ ಮೇಲೆದ್ದಿತು, ನೆತ್ತಿ ದಾಟಿತು. ಮುಟ್ಟುವುದೇನು, ಕಿವಿಯನ್ನು ಹಿಡಿದು ಎಳೆದೇಬಿಟ್ಟಿತು! ನನ್ನ ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಮೇಷ್ಟ್ರಿಗೆ ಒಂದೂ ಅರ್ಥವಾಗಲಿಲ್ಲ.

ಬೆಳಗಾವಿಯ ಸಾಹೇಬರೇ, ನೀವು ಎಲ್ಲಿದ್ದೀರೋ ಗೊತ್ತಿಲ್ಲ. ಕೈ ಕಿವಿ ಮುಟ್ಟಿತು. ಇನ್ನು ನನ್ನ ಮಾತು ನಂಬಬೇಕು: ನನ್ನ ಮೊಮ್ಮಗನಿಗೆ ಈಗ ಆರು ವರ್ಷ.

ಎರಡು ತಿಂಗಳು ಕಮ್ಮಿ ಎಂದು ಸರೋಜ ಪಕ್ಕದಲ್ಲಿ ಗೊಣಗುತ್ತಿದ್ದಾಳೆ. ಅವಳ ಮಾತಿಗೆ ಕಿವಿಗೊಡಬೇಡಿ.